ಮುಕ್ಕಾಲು ಗಂಟೆಯ ಮೇಷ್ಟ್ರು

ನಮ್ಮ ಮನೆ ಎದುರಿನ ಲೈಟುಕಂಬಕ್ಕೆ ಮೇಷ್ಟ್ರ ಫ್ಲೆಕ್ಸ್ ಕಟ್ಟಿದ್ದಾರೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಬಗ್ಗಿದರೆ ಸಾಕು, ಮೇಲಿನಿಂದ ನನ್ನನ್ನೇ ನೋಡಿ ನಗುತ್ತಿರುತ್ತಾರೆ. ಫೋಟೋದ ಕೆಳಗೆ ಬೀದಿಯವರೆಲ್ಲ ಸೇರಿ ‘ಮತ್ತೆ ಹುಟ್ಟಿ ಬನ್ನಿ’ ಎಂದು ಬರೆಸಿದ್ದಾರೆ. ಬೇಡಪ್ಪಾ, ಎಲ್ಲಿ ಹೋಗಿದ್ದಾರೋ ಅಲ್ಲೇ ಸುಖವಾಗಿರಲಿ ಎಂದುಕೊಂಡು ನಾನು ನನ್ನ ಚುಕ್ಕಿ ಇಡುತ್ತೇನೆ.

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಅವರ ಮಾತನ್ನು ನಾನು ಮೀರಿದವಳಲ್ಲ. ಅದಕ್ಕೇ ಆಡುತ್ತಿಲ್ಲ, ಬರೆಯುತ್ತಿದ್ದೇನೆ. ಹನ್ನೊಂದನೇ ದಿನದ ಊಟಕ್ಕೂ ಹೋಗಿ ಬಂದೆ. ಎಲೆ ಮುಂದೆ ಕೂತವರೆಲ್ಲ ಅವರನ್ನು ದೇವರು ಮಾಡುತ್ತಿದ್ದರು. ಹೋಳಿಗೆ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಮಿಕ್ಕಿದ್ದನ್ನು ಒಪ್ಪಲಾರೆ.

ಮೇಷ್ಟ್ರು ಎಂದು ಕರೆಯುತ್ತಿದ್ದರೇ ಹೊರತು ಅವರು ಯಾವ ಮಗುವಿಗೂ ಪಾಠ ಹೇಳಿದವರಲ್ಲ. ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ತಿಂಗಳಾಗುತ್ತಲೇ ಪೆನ್ಷನ್ ಬರುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಟಿವಿ ಇಟ್ಟು, ಅದರಲ್ಲಿ ಷೇರುಪೇಟೆಯ ಚಾನೆಲ್ ಹಾಕಿ, ಸದ್ದು ಮುಚ್ಚಿಬಿಡುತ್ತಿದ್ದರು. ಸದ್ದು ಯಾಕೆ, ಹೇಳುವುದಕ್ಕೆ ಅವರಿದ್ದರಲ್ಲ! ಕೆಂಪು ಹಸಿರು ಅಂಕಿಗಳು ಕೆಳಗೆ ಓಡುತ್ತಿದ್ದರೆ ಇವರು ಬೆತ್ತದ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು ಅರ್ಥ ಹೇಳುತ್ತಿದ್ದರು. ಕೇಳುವವರಿಗೆ ಪ್ಲಾಸ್ಟಿಕ್ ಕುರ್ಚಿ. ಕೇಳುವವರು ಯಾರು? ನಮ್ಮ ಬೀದಿಯ ಮಗ್ಗದವರು. ಪಾಳಿ ಮುಗಿಸಿ, ತಲೆಗೂದಲಿಗೆ ನೂಲಿನ ಧೂಳು ಅಂಟಿದ ಹಾಗೆಯೇ ಬಂದು ಕೂರುತ್ತಿದ್ದರು. ಹೊಟ್ಟೆಗೆ ಹಾಕಿಕೊಂಡ ಮೇಲೆ ಒಂದಿಷ್ಟು ಉಳಿಯುತ್ತದಲ್ಲ, ಅದನ್ನು ಏನು ಮಾಡಬೇಕೆಂದು ತಿಳಿಯದ ಜನ.

ಚಳಿಗಾಲ ಬೇಸಿಗೆ ಎನ್ನದೆ ತೋಳಿಲ್ಲದ ಸ್ವೆಟರ್ ಹಾಕಿಕೊಳ್ಳುತ್ತಿದ್ದರು. ಮೇರಿ ಬಿಸ್ಕತ್ತು ಮುರಿದು ಚಹಾದಲ್ಲಿ ಅದ್ದಿ, ಅದ್ದಿದ ಕೈ ಅಲ್ಲೇ ಬಿಟ್ಟು ಮಾತು ಶುರು ಮಾಡುವರು. ಬಿಸ್ಕತ್ತು ಮೆತ್ತಗಾಗಿ ಪುಳಕ್ಕನೆ ಮುಳುಗುವುದು. ‘ಲೇ, ಚಮಚ!’ ಎಂದು ಒಳಗೆ ಕೂಗುವರು. ಅವರ ಹೆಂಡತಿ ಚಮಚ ತರುವಳು. ದಿನಾ ಇದೇ. ಬಿಸ್ಕತ್ತನ್ನು ಯಾವಾಗ ಮೇಲೆತ್ತಬೇಕು ಎಂದು ತಿಳಿಯದ ಮನುಷ್ಯ ಷೇರು ಯಾವಾಗ ಮಾರಬೇಕೆಂದು ಊರಿಗೆಲ್ಲ ಹೇಳುತ್ತಿದ್ದರು. ಇದನ್ನು ನಾನು ನಮ್ಮೆಜಮಾನರಿಗೆ ಹೇಳಿದರೆ, ‘ನಿಂಗೆ ಅವ್ರನ್ನ ಕಂಡ್ರೆ ಆಗಲ್ಲ ಬಿಡು’ ಎನ್ನುತ್ತಿದ್ದರು. ಆಗುತ್ತಿರಲಿಲ್ಲ, ನಿಜ.

ಇನ್ನೊಂದು ಅಭ್ಯಾಸವಿತ್ತು. ಯಾರಾದರೂ ಮಧ್ಯೆ ಬಾಯಿ ಹಾಕಿದರೆ ಅಂಗೈ ಎತ್ತಿ ತಡೆಯುವುದು. ಬಯ್ಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಪೊಲೀಸಿನವರು ಗಾಡಿ ನಿಲ್ಲಿಸುವ ಹಾಗೆ ಅಂಗೈ ಎತ್ತುವುದು, ಅಷ್ಟೇ. ಎದುರಿಗಿದ್ದವರ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ಹೆಂಡತಿಗಂತೂ ಜೀವಮಾನವಿಡೀ ಅದನ್ನೇ ತೋರಿಸಿದರು. ಆಕೆ ಸೂಲಿಬೆಲೆ ಕಡೆಯ ಹೆಣ್ಣುಮಗಳು, ನನಗೆ ಅಕ್ಕನ ಹಾಗೆ. ಕರಿಬೇವು ಕೇಳುವ ನೆಪದಲ್ಲಿ ನಮ್ಮ ಅಡುಗೆಮನೆಗೆ ಬಂದರೆ ಅರ್ಧ ಹೇಳಿದ ಮಾತುಗಳನ್ನೆಲ್ಲ ಪೂರ್ತಿ ಮಾಡಿ ಹೋಗುತ್ತಿದ್ದಳು. ಆಕೆಯ ಮುಖ ಬಾಡಿದ್ದರೆ ಮೇಷ್ಟ್ರು ಗಂಡಸರ ಮುಂದೆ, ‘ನಮ್ಮನೇದು ಇವತ್ತು ಲೋಯರ್ ಸರ್ಕ್ಯೂಟ್’ ಎನ್ನುವರು. ಎಲ್ಲರೂ ಹೋ ಎಂದು ನಗುವರು.

ಒಂದು ದಿನ ಅಕ್ಕ ನನ್ನನ್ನೇ ಕೇಳಿದಳು, ‘ಹಂಗಂದ್ರೆ ಏನೇ? ಬಯ್ಗುಳಾನಾ?’

ನಾನು ನಮ್ಮೆಜಮಾನರನ್ನು ಕೇಳಿ ತಿಳಿದುಕೊಂಡೆ. ಒಂದು ಷೇರು ಒಂದೇ ದಿನದಲ್ಲಿ ಇಷ್ಟಕ್ಕಿಂತ ಕೆಳಗೆ ಬೀಳಕೂಡದು ಎಂದು ಗೆರೆ ಹಾಕಿರುತ್ತಾರಂತೆ. ಆ ಗೆರೆ ಮುಟ್ಟಿದ ಮೇಲೆ ಆವತ್ತಿಗೆ ಅದಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ. ಇಡೀ ಪೇಟೆಯೇ ನೂರಕ್ಕೆ ಹತ್ತು ಭಾಗ ಬಿದ್ದರಂತೂ ವ್ಯಾಪಾರ ತಾನಾಗಿಯೇ ನಿಲ್ಲುತ್ತದಂತೆ. ಬೆಳಗಿನ ಹೊತ್ತಾದರೆ ಮುಕ್ಕಾಲು ಗಂಟೆ ಯಾರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಜನ ಗಾಬರಿಯಲ್ಲಿ ಒಬ್ಬರ ಮೇಲೊಬ್ಬರು ಬೀಳದೆ ಒಂದು ಗಳಿಗೆ ಉಸಿರಾಡಲಿ, ಯೋಚನೆ ಮಾಡಲಿ ಎಂದು.

‘ನಮ್ಮ ಮಗ್ಗ ನಿಲ್ಲಲ್ವಾ, ಹಂಗೇನೇ’ ಎಂದರು ನಮ್ಮೆಜಮಾನರು. ‘ಹೊಕ್ಕಿನ ನೂಲು ಕಡಿದ್ರೆ ಮಗ್ಗ ತಾನೇ ನಿಂತ್ಬಿಡುತ್ತೆ. ಇಲ್ದಿದ್ರೆ ಬಟ್ಟೆಯೆಲ್ಲಾ ಹಾಳು.’

ಅದು ನನಗೆ ಅರ್ಥವಾಯಿತು. ಮಗ್ಗ ನಿಂತಾಗ ಕಡಿದ ನೂಲನ್ನು ಸೇರಿಸಬೇಕು, ಆಮೇಲೆ ನಡೆಸಬೇಕು. ನಿಂತಿತಲ್ಲ ಎಂದು ಎದುರಿಗೆ ಕೈಕಟ್ಟಿ ಕೂತರೆ ನೂಲು ತಾನಾಗಿ ಸೇರಿಕೊಳ್ಳುವುದಿಲ್ಲ.

ಮೇಷ್ಟ್ರು ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಚೌಡೇಶ್ವರಮ್ಮ ಮೆಚ್ಚಳು. ಯಾರ ಹತ್ತಿರವೂ ಒಂದು ಪೈಸೆ ತಿಂದವರಲ್ಲ, ಚಹಾ ಕೂಡ ಅವರದೇ ಖರ್ಚು. ಕಳ್ಳರಾಗಿದ್ದರೆ ನಮಗೆ ಸುಲಭವಾಗುತ್ತಿತ್ತು, ಹಿಡಿದುಕೊಂಡು ಕೇಳಬಹುದಿತ್ತು. ಅವರಿಗೆ ಬೇಕಾಗಿದ್ದು ಎದುರಿಗೆ ಕೂತವರ ಕಣ್ಣು. ನಾಲ್ಕು ಜನ ಕತ್ತೆತ್ತಿ ತಮ್ಮ ಬಾಯನ್ನೇ ನೋಡಬೇಕು. ಮೂವತ್ತು ವರ್ಷ ಹೆಡ್‌ಮಾಸ್ಟರರ ಮುಂದೆ ಫೈಲು ಹಿಡಿದು ನಿಂತ ಮನುಷ್ಯನಿಗೆ ಆ ಹಸಿವು ಎಷ್ಟಿತ್ತೋ. ಬೀದಿಯ ಮಗ್ಗದವರ ಷೇರಿನ ಖಾತೆಗಳೆಲ್ಲ ಅವರದೊಂದೇ ಫೋನಿನಲ್ಲಿದ್ದವು. ‘ನಿಮ್ದು ಗುಂಡಿ ಫೋನು, ಅದ್ರಲ್ಲಾಗಲ್ಲ, ನಾನೇ ನೋಡ್ಕೋತೀನಿ’ ಎಂದು ತೆರೆದುಕೊಟ್ಟವರು ಅವರೇ. ಕೊಳ್ಳಬೇಕಾದರೂ ಮಾರಬೇಕಾದರೂ ಅವರ ಬೆರಳೇ ಬೇಕು.

ನಮ್ಮದು ಎರಡು ಮಗ್ಗ. ಮಗ್ಗ ನಮ್ಮವು, ಷೆಡ್ಡು ಬಾಡಿಗೆಯದು. ಪವರ್‌ಲೂಮ್ ಎಂದರೆ ಹಾಸಿಗೆ ಸುತ್ತಿಕೊಂಡು ಹೋದ ಹಾಗೆ ಹೊತ್ತುಕೊಂಡು ಹೋಗುವಂಥದ್ದಲ್ಲ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿರುತ್ತಾರೆ, ಕರೆಂಟಿನ ಪರವಾನಗಿ ಆ ಜಾಗದ್ದಿರುತ್ತದೆ. ಷೆಡ್ಡು ಹೋದರೆ ಮಗ್ಗವೂ ಹೋದ ಹಾಗೆಯೇ. ಷೆಡ್ಡಿನ ಯಜಮಾನರು ಅದನ್ನು ಮಾರಲು ಹೊರಟಾಗ ಮೊದಲು ಕೇಳಿದ್ದು ನಮ್ಮನ್ನೇ. ‘ಯುಗಾದಿಯೊಳಗೆ ಮುಂಗಡ ಕೊಡಿ, ಮಿಕ್ಕಿದ್ದು ನಿಧಾನಕ್ಕೆ ಕಟ್ಟಿ. ಹಬ್ಬ ದಾಟಿದ್ರೆ ಬೇರೆ ಪಾರ್ಟಿಗೆ ಕೊಟ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ’ ಎಂದಿದ್ದರು. ಮುಂಗಡಕ್ಕೆ ಬೇಕಾದದ್ದು ನಮ್ಮಲ್ಲಿತ್ತು. ಬ್ಯಾಂಕಿನಲ್ಲಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮೇಷ್ಟ್ರ ಮಾತು ಕೇಳಿ ನಮ್ಮೆಜಮಾನರು ಅದನ್ನು ಷೇರಿಗೆ ಹಾಕಿದ್ದರು. ‘ಸುಮ್ನೆ ಮಲಗಿಸಿರೋ ಬದ್ಲು ಹಬ್ಬದ ತನಕ ದುಡೀಲಿ ಕಣಪ್ಪಾ’ ಎಂದಿದ್ದರಂತೆ.

ಅದು ಕೊರೊನಾ ಬಂದ ವರ್ಷ. ಶಿವರಾತ್ರಿ ಕಳೆದದ್ದೇ ಪೇಟೆ ಬೀಳಲು ಶುರುವಾಯಿತು. ನಮ್ಮೆಜಮಾನರು ದಿನಾ ಹೋಗಿ, ‘ಮಾರ್ಬಿಡೋಣ್ವಾ ಮೇಷ್ಟ್ರೇ?’ ಎನ್ನುವುದು, ಅವರು ಅಂಗೈ ಎತ್ತುವುದು. ‘ಮಾರ್ಕೆಟ್ಟು ತಾಯಿ ಇದ್ದಂಗೆ. ಹೊಡೆದ್ರೂ ಅವ್ಳೇ ಎತ್ಕೊಳ್ಳೋದು.’

ಒಂದು ಶುಕ್ರವಾರ ಬೆಳಿಗ್ಗೆ ನಾನು ಬೀದಿ ತುದಿಯ ಚೌಡೇಶ್ವರಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದೆ. ಮೇಷ್ಟ್ರು, ಅವರ ಹಿಂದೆ ಮಗ್ಗದವರೆಲ್ಲ, ನಮ್ಮೆಜಮಾನರೂ, ದಡದಡ ಬಂದರು. ಪೇಟೆ ತೆರೆದ ಸ್ವಲ್ಪ ಹೊತ್ತಿಗೇ ಹತ್ತು ಭಾಗ ಬಿದ್ದು ನಿಂತಿತ್ತು. ಮುಕ್ಕಾಲು ಗಂಟೆಯ ಬಿಡುವು. ಆ ಬಿಡುವಿನಲ್ಲಿ ಅಮ್ಮನ ಹೂ ಕೇಳಬೇಕೆಂದು ಮೇಷ್ಟ್ರಿಗೆ ಹೊಳೆದಿತ್ತು.

ಹೂ ಕೇಳುವುದು ನಮ್ಮಲ್ಲಿ ನಡೆದು ಬಂದದ್ದು. ನೀರಿನಲ್ಲಿ ಅದ್ದಿದ ಹೂವಿನ ಎಸಳುಗಳನ್ನು ಅಮ್ಮನ ಎಡಕ್ಕೂ ಬಲಕ್ಕೂ ಅಂಟಿಸಿ ಕೈಮುಗಿದು ಕೂರುವುದು. ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಸಂಬಂಧ ನೋಡುವಾಗ, ಕಾಯಿಲೆ ಬಿದ್ದಾಗ, ಬೋರು ಕೊರೆಸುವಾಗ ಕೇಳುತ್ತೇವೆ. ಪೂಜಾರಪ್ಪ ಎಸಳು ಅಂಟಿಸಿದರು. ‘ಕಾಯೋದಾದ್ರೆ ಬಲಗಡೆ ಕೊಡು ತಾಯಿ’ ಎಂದು ಮೇಷ್ಟ್ರು ಗಟ್ಟಿಯಾಗಿ ಕೇಳಿಕೊಂಡರು. ಬಲದ್ದೇ ಬಿತ್ತು. ಯಾರೂ ಮಾರಲಿಲ್ಲ. ಪೇಟೆ ಮತ್ತೆ ತೆರೆದದ್ದೇ ಏರಲು ಹಿಡಿಯಿತು. ಸಂಜೆಯ ಹೊತ್ತಿಗೆ ಹಿಂದಿನ ದಿನಕ್ಕಿಂತ ಮೇಲೆ ಹೋಗಿ ಕೂತಿತ್ತು.

ಅಂದಿನಿಂದ ಮೇಷ್ಟ್ರು ಭೂಮಿಯ ಮೇಲೆ ನಡೆಯಲಿಲ್ಲ. ‘ಮುಂಬಯೀಲಿ ಎಷ್ಟೆಷ್ಟೋ ಓದ್ದೋರು ಗಾಬರಿಯಾಗಿ ಮಾರ್ಬಿಟ್ರು. ನಮ್ ಬೀದಿ ಒಂದೇ ಮಾರ್ಲಿಲ್ಲ’ ಎಂದು ಹೇಳಿದ್ದೇ ಹೇಳಿದ್ದು. ಬೀದಿಯವರು ಅವರ ಕಾಲು ಮುಟ್ಟುವುದೊಂದು ಬಾಕಿ. ನಮ್ಮ ಬೀದಿಯ ನಂಜಪ್ಪ ಮಾತ್ರ, ‘ಗುರುಗಳೇ, ಅಮ್ಮಂಗೂ ಒಂದು ಖಾತೆ ತೆಗ್ದುಬಿಡಿ’ ಎಂದ. ಆಗಲೂ ಅಂಗೈ ಎತ್ತಿದರಂತೆ.

ನನಗೆ ಅಂದೇ ಮುಳ್ಳು ಚುಚ್ಚಿದ ಹಾಗಾಗಿತ್ತು. ಅಮ್ಮನಿಗೆ ನಾನು ದಿನಾ ಸಣ್ಣ ಸಣ್ಣದಕ್ಕೆ ಕೈಮುಗಿಯುತ್ತೇನೆ. ಸಿಲಿಂಡರು ಇನ್ನೆರಡು ದಿನ ಬಂದರೆ, ಹಾಲು ಒಡೆಯದಿದ್ದರೆ, ನಮ್ಮೆಜಮಾನರ ಕೆಮ್ಮು ಇಳಿದರೆ. ಅವಳು ಕೊಟ್ಟದ್ದು ಅದು. ಷೇರಿನ ದಲ್ಲಾಳಿ ಕೆಲಸ ಅವಳಿಗೆ ಹಚ್ಚಿದವರು ಇವರು.

ಪೇಟೆ ಮತ್ತೆ ಬೀಳಲು ಹಿಡಿಯಿತು. ಯುಗಾದಿಗೆ ಎರಡು ದಿನ ಇರುವಾಗ, ಸೋಮವಾರ, ಇನ್ನೊಂದು ಸಲ ಹತ್ತು ಭಾಗ ಬಿದ್ದು ನಿಂತಿತು. ಮತ್ತೆ ಮುಕ್ಕಾಲು ಗಂಟೆ.

ನಾನು ಹಬ್ಬಕ್ಕೆಂದು ಹಿತ್ತಾಳೆ ಸಾಮಾನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದೆ. ಕೊರೊನಾಕ್ಕೆ ಬೀದಿಯೆಲ್ಲ ಬಂದ್ ಆಗಿ ಬಣಗುಡುತ್ತಿತ್ತು, ಗುಡಿಗೂ ಬೀಗ. ಮೇಷ್ಟ್ರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಫೋನು ಹಿಡಿದು ನಮ್ಮ ಮನೆಗೇ ಬಂದರು. ಅವರ ಹಿಂದೆ ನಮ್ಮೆಜಮಾನರು ಬಂದರು. ಗಂಡನ ಮುಖ ನೋಡಿ ನಾನು ಚೊಂಬು ಕೆಳಗಿಟ್ಟು ಎದ್ದೆ.

‘ಮೇಷ್ಟ್ರೇ, ಈಗ ತೆರೆದ ತಕ್ಷಣ ನಂದೊಂದು ಮಾರ್ಬಿಡಿ’ ಎನ್ನುತ್ತಿದ್ದರು ನಮ್ಮೆಜಮಾನರು. ‘ಉಳ್ದಿರೋದ್ರಲ್ಲಿ ಮುಂಗಡ ಆಗೋಗುತ್ತೆ. ಮಾರಿದ್ ದುಡ್ಡು ಕೈಗೆ ಬರಕ್ಕೇ ಎರಡು ದಿನ ಬೇಕಂತೀರ. ಇವತ್ತು ಬಿಟ್ರೆ ಹಬ್ಬದೊಳಗೆ ಆಗಲ್ಲ.’

ಮೇಷ್ಟ್ರು ಅವರಿಗೆ ಅಂಗೈ ತೋರಿಸಿ ನನ್ನ ಕಡೆ ತಿರುಗಿದರು. ‘ತಾಯೀ, ಗುಡಿ ಬಾಗ್ಲು ಹಾಕಿದೆ. ನಿಮ್ಮನೆ ಅಮ್ಮ ಸತ್ಯದೋಳು ಅಂತ ಎಲ್ರಿಗೂ ಗೊತ್ತು. ನಿಮ್ಮ ಕೈಯಿಂದ ಒಂದ್ಸಲ ಹೂ ಕೇಳಿ. ಬೇಗ.’

ನಮ್ಮ ದೇವರ ಮನೆಯಲ್ಲಿ ಅತ್ತೆಯವರ ಕಾಲದ ಅಮ್ಮನ ಮುಖವಿದೆ, ಹಿತ್ತಾಳೆಯದು. ನಾನು ಹೇಳಿದೆ, ‘ನಾನು ಕೇಳಲ್ಲ ಮೇಷ್ಟ್ರೇ. ನಮ್ ಕೈಲಿ ಆಗ್ದೇ ಇರೋದನ್ನ ಅಮ್ಮನ್ನ ಕೇಳ್ತೀವಿ. ಇದು ನಿಮ್ ಬೆರಳಲ್ಲಿ ಆಗೋ ಕೆಲ್ಸ. ಇವ್ರು ಮಾರಿ ಅಂತಿದಾರೆ, ಮಾರಿ.’

‘ಮಾರ್ಕೆಟ್ ವಿಷಯ ನಿಮಗೆ ತಿಳಿಯಲ್ಲ ತಾಯಿ.’

‘ಅಮ್ಮಂಗೆ ತಿಳಿಯುತ್ತಾ ಮತ್ತೆ?’

ನಮ್ಮೆಜಮಾನರು, ‘ಸುಮ್ನಿರೇ’ ಎಂದರು. ಮೇಷ್ಟ್ರು ಕಾಲು ತೊಳೆದುಕೊಂಡು ತಾವೇ ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಬಲಗಡೆಯ ಎಸಳಿಗೆ ಬೆರಳ ತುದಿಯ ನೀರು ಮುಟ್ಟಿಸಿದರು, ಮುಟ್ಟಿಸಿದ್ದೂ ಸುಳ್ಳು. ಎಡಗಡೆಯದನ್ನು ಬಟ್ಟಲಿನ ಗಂಧದಲ್ಲಿ ಒತ್ತಿ ಅಮ್ಮನ ಕೆನ್ನೆಗೆ ಮೆತ್ತಿದರು. ಕಣ್ಣು ಮುಚ್ಚಿ ಕೂತು ಅದೇನೋ ಸ್ತೋತ್ರ ಶುರು ಮಾಡಿದರು. ಹೊರಗೆ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಸ್ತೋತ್ರ ಮುಗಿಯುವ ಮೊದಲೇ ಬಲಗಡೆಯ ಎಸಳು ಬಿತ್ತು. ಬೀಳದೆ ಏನು ಮಾಡೀತು?

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ. ನನಗೆ ಇವತ್ತಿಗೂ ತಲೆ ಕೆಡಿಸುವುದು ಅದೇ. ತಾವೇ ಗಂಧ ಮೆತ್ತಿ, ತಾವೇ ಬೀಳಿಸಿ, ಆಮೇಲೆ ಅದನ್ನು ಅಮ್ಮನೇ ಕೊಟ್ಟಳೆಂದು ನಂಬಿ ಅತ್ತರು. ಮೋಸ ಮಾಡುವವನಿಗೆ ಮೋಸವೆಂದು ಗೊತ್ತಿದ್ದರೆ ಎದುರಿಗಿದ್ದವನು ಹೇಗೋ ಬದುಕಿಕೊಳ್ಳುತ್ತಾನೆ.

‘ಎಡಗಡೆ ಹೂವಿಗೆ ಗಂಧ ಹಚ್ಚಿದ್ರಿ ಮೇಷ್ಟ್ರೇ. ನಾನು ನೋಡ್ದೆ’ ಎಂದೆ.

‘ಗಂಧ ಭಕ್ತಿಗೆ ಹಚ್ಚೋದು ತಾಯೀ.’

‘ಎಡಗಡೆಗೆ ಮಾತ್ರ ಭಕ್ತೀನಾ?’

ಅಂಗೈ ಎದ್ದಿತು. ನಾನು ನಿಲ್ಲಿಸಲಿಲ್ಲ. ‘ಇವ್ರಿಗೆ ಷೆಡ್ಡು ಬೇಕು, ನಿಮಗೆ ಗೆಲ್ಲೋದು ಬೇಕು. ಇವ್ರದ್ದನ್ನ ಮಾರಿ, ನಿಮ್ದನ್ನ ಇಟ್ಕೊಳ್ಳಿ. ಯಾರು ಬೇಡ ಅಂದ್ರು?’

ಆಗ ಮೇಷ್ಟ್ರು ನಮ್ಮೆಜಮಾನರ ಹೆಗಲ ಮೇಲೆ ಕೈ ಇಟ್ಟರು. ಮೆಲ್ಲಗೆ, ಅಣ್ಣ ತಮ್ಮನಿಗೆ ಹೇಳುವ ಹಾಗೆ ಹೇಳಿದರು, ‘ಅಮ್ಮ ಬಾಯ್ಬಿಟ್ಟು ಕೊಟ್ಟ ಮೇಲೂ ಮಾರಿದ್ರೆ ಅದು ಅಮ್ಮಂಗೆ ಅವಮಾನ ಕಣಪ್ಪಾ. ಆಮೇಲೆ ನಿನ್ನಿಷ್ಟ.’

ನಮ್ಮೆಜಮಾನರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. ‘ನೀವ್ ಹೇಳ್ದಂಗೇ ಆಗ್ಲಿ’ ಎಂದರು. ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ನನ್ನ ಗಂಡನನ್ನು ನನ್ನ ದೇವರಿಂದಲೇ ಕಟ್ಟಿಹಾಕಿದ್ದರು, ಬಿಡಿಸುವುದಕ್ಕೆ ನನ್ನ ಹತ್ತಿರ ಏನಿತ್ತು? ಉಸಿರಾಡಲಿ, ಯೋಚನೆ ಮಾಡಲಿ ಎಂದು ಯಾರೋ ಪುಣ್ಯಾತ್ಮರು ಕೊಟ್ಟ ಮುಕ್ಕಾಲು ಗಂಟೆ ಹಾಗೆ ಮುಗಿಯಿತು.

ಪೇಟೆ ತೆರೆಯಿತು. ಈ ಸಲ ಏರಲಿಲ್ಲ. ಇನ್ನೂ ಬಿತ್ತು. ಮಧ್ಯಾಹ್ನ ನಮ್ಮೆಜಮಾನರು ಊಟಕ್ಕೆ ಕೂತು ಮುರಿದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದರು. ಓಡಿಹೋಗಿ ಮೇಷ್ಟ್ರ ಬಾಗಿಲಲ್ಲಿ ನಿಂತು, ‘ದಮ್ಮಯ್ಯ, ಎಷ್ಟಕ್ಕಾದ್ರೂ ಹೋಗ್ಲಿ, ಮಾರ್ಬಿಡಿ’ ಎಂದು ಕೈಮುಗಿದರಂತೆ. ಪೇಟೆ ಮುಚ್ಚುವ ಹೊತ್ತಿಗೆ ಮೇಷ್ಟ್ರು ಅಸಹ್ಯಪಟ್ಟುಕೊಂಡವರ ಹಾಗೆ ಬೆರಳಾಡಿಸಿ ಮಾರಿದರು. ಆ ವರ್ಷ ಅಷ್ಟು ಕೆಳಗೆ ಪೇಟೆ ಅದಕ್ಕೆ ಮುಂಚೆಯೂ ಮುಚ್ಚಿರಲಿಲ್ಲ, ಆಮೇಲೂ ಮುಚ್ಚಲಿಲ್ಲ. ಉಳಿದದ್ದು ಮುಂಗಡಕ್ಕೆ ಸಾಲಲಿಲ್ಲ. ‘ಅರ್ಧಂಬರ್ಧ ಇಟ್ಕೊಂಡು ನಾನೇನ್ ಮಾಡ್ಲಿ’ ಎಂದರು ಷೆಡ್ಡಿನ ಯಜಮಾನರು. ಹಬ್ಬ ಕಳೆದ ಮೇಲೆ ಷೆಡ್ಡು ಪಾರ್ಸೆಲ್ಲಿನವರ ಗೋಡೌನಾಯಿತು. ಲಾಕ್‌ಡೌನ್ ಸಡಿಲವಾದಾಗ ಬೋಲ್ಟು ಬಿಚ್ಚಿಸಿ ಮಗ್ಗಗಳನ್ನು ಕೊಟ್ಟುಬಿಟ್ಟೆವು. ಒಯ್ಯುವ ಲಾರಿಗೆ ಹಗ್ಗ ಬಿಗಿದದ್ದು ನಮ್ಮೆಜಮಾನರೇ. ದಾರಿಯಲ್ಲಿ ಅಲುಗಾಡಿ ಪೆಟ್ಟಾಗಬಾರದಂತೆ. ಕೈಕಾಲು ಗಟ್ಟಿಯಿವೆಯಲ್ಲ, ಅಷ್ಟು ಉಳಿಸಿದಳು ಎಂದು ನಾನು ಅಮ್ಮನಿಗೆ ಕೈಮುಗಿದೆ. ಈಗ ಅವರು ಬೇರೆಯವರ ಷೆಡ್ಡಿನಲ್ಲಿ ಪಾಳಿ ಕೆಲಸ ಮಾಡುತ್ತಾರೆ.

ಕೆಟ್ಟ ದಿನಗಳಲ್ಲಿ ಮೇಷ್ಟ್ರು ನಮ್ಮ ಬಾಗಿಲಿಗೆ ಒಂದು ಮೂಟೆ ರಾಗಿ ಇಳಿಸಿದರು. ಅದೂ ನಿಜ. ಇಳಿಸಿ, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹೇಳಿಕೊಂಡು ಬಂದರು. ರಾಗಿ ಚೆನ್ನಾಗಿತ್ತು. ಅಕ್ಕ ತನ್ನ ತವರಿಂದ ತರಿಸಿದ್ದು ಎಂದು ಆಮೇಲೆ ತಿಳಿಯಿತು.

ನಾನು ಹೇಳಬೇಕೆಂದು ಕೂತದ್ದು ಷೆಡ್ಡಿನ ಕಥೆಯಲ್ಲ. ಷೆಡ್ಡು ಹೋದದ್ದನ್ನು ಅಮ್ಮನ ಪಾದಕ್ಕೆ ಹಾಕಿ ಎಂದೋ ಎದ್ದು ಬಂದಿದ್ದೇನೆ. ಆಮೇಲೆ ಆದದ್ದು ಬೇರೆ. ನಾವು ಮಾರಿದ ಎರಡು ದಿನಕ್ಕೆ ಪೇಟೆ ಏರಲು ಹಿಡಿಯಿತು. ಏರಿತು, ಏರಿತು, ವರ್ಷ ಮುಗಿಯುವುದರೊಳಗೆ ಬಿದ್ದದ್ದನ್ನೆಲ್ಲ ತುಂಬಿಕೊಂಡು ಇನ್ನೂ ಮೇಲೆ ಹೋಯಿತು. ಕಾದವರದೆಲ್ಲ ಬೆಳೆಯಿತು. ಮೇಷ್ಟ್ರದೂ ಬೆಳೆಯಿತು, ಮಹಡಿ ಕಟ್ಟಿಸಿದರು. ಗೃಹಪ್ರವೇಶಕ್ಕೆ ಬೀದಿಯವರೆಲ್ಲ ಕೂತಿರುವಾಗ ನಮ್ಮೆಜಮಾನರ ಬಾಯಿಗೆ ತಾವೇ ಮೈಸೂರುಪಾಕು ಇಟ್ಟು ಹೇಳಿದರು, ‘ಅಮ್ಮ ಕೊಟ್ಟಿದ್ಲು ಕಣಪ್ಪಾ. ನಿಂಗೆ ತಾಳ್ಮೆ ಇರ್ಲಿಲ್ಲ. ಇನ್ನೆರಡೇ ದಿನ ತಡೆದಿದ್ರೆ!’

ತಡೆಯುವುದು! ಮೊದಲ ತಾರೀಕಿಗೆ ಪೆನ್ಷನ್ ಬರುವವರು ತಡೆಯಬಹುದು. ಮುಕ್ಕಾಲು ಗಂಟೆ ಎಲ್ಲರಿಗೂ ಮುಕ್ಕಾಲು ಗಂಟೆಯೇ. ಆದರೆ ಕೆಲವರಿಗೆ ಅದು ಮುಗಿದ ಮೇಲೆ ಇಡೀ ವರ್ಷವಿರುತ್ತದೆ, ಕೆಲವರಿಗೆ ಎರಡು ದಿನದಲ್ಲಿ ಹಬ್ಬವಿರುತ್ತದೆ. ಈ ಮಾತನ್ನು ಅಂದು ಅಲ್ಲಿ ಯಾರೂ ಆಡಲಿಲ್ಲ. ನಮ್ಮೆಜಮಾನರು ಮೈಸೂರುಪಾಕು ನುಂಗಿ ತಲೆ ತಗ್ಗಿಸಿ ಮನೆಗೆ ಬಂದರು. ಅಂದಿನಿಂದ ಅವರ ಬಾಯಲ್ಲಿ ಅದೇ ಮಾತು. ಸಾರಿಗೆ ನಾನೇ ಉಪ್ಪು ಜಾಸ್ತಿ ಹಾಕಿದರೂ, ಬಸ್ಸು ತಪ್ಪಿದರೂ, ‘ನಂಗೆ ತಾಳ್ಮೆ ಇಲ್ಲ ಬಿಡೇ, ಅದಕ್ಕೇ ಹಿಂಗಾಗಿದ್ದು’ ಎನ್ನುತ್ತಾರೆ. ಕಡಿದ ಎಳೆ ಹುಡುಕಿ ಗಂಟು ಹಾಕುತ್ತಾ ಬೆಳಗಿನಿಂದ ಸಂಜೆಯ ತನಕ ನಿಲ್ಲುವ ಮನುಷ್ಯನಿಗೆ ತಾಳ್ಮೆಯಿಲ್ಲವಂತೆ. ತ್ಯಾಮಗೊಂಡ್ಲಿನಲ್ಲಿ ನಮ್ಮಪ್ಪ ಈ ಗಂಡನ್ನು ಒಪ್ಪಿದ್ದೇ, ‘ಹುಡುಗ ನಿಧಾನಸ್ಥ’ ಎಂದು.

ಮೇಷ್ಟ್ರು ಈ ವರ್ಷ ಶ್ರಾವಣ ಕಳೆದ ಮೇಲೆ ಮಲಗಿದರು. ಎದೆಯಲ್ಲಿ ನೀರು ತುಂಬಿತ್ತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ನಾನು ಗಂಜಿ ಮಾಡಿಕೊಂಡು ಹೋದೆ. ಅಕ್ಕನ ಮೇಲಿನ ಪ್ರೀತಿಗೆ ಹೋದದ್ದು. ಅಕ್ಕ ಗಂಜಿ ಸೋಸಲು ಒಳಗೆ ಹೋದಾಗ ನಾನು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

‘ಮೇಷ್ಟ್ರೇ, ನಿಮ್ಮನ್ನ ಏನೂ ಕೇಳಲ್ಲ. ಷೆಡ್ಡು ಕೇಳಲ್ಲ, ಮಗ್ಗ ಕೇಳಲ್ಲ. ನಮ್ಮೆಜಮಾನ್ರನ್ನ ಕರ್ಕೊಂಡು ಬರ್ತೀನಿ. ತಪ್ಪು ನಿಂದಲ್ಲಪ್ಪಾ ಅಂತ ಒಂದ್ಮಾತು ಹೇಳಿ. ನಾನು ಹೇಳಿದ್ರೆ ಅವ್ರು ನಂಬಲ್ಲ, ನೀವ್ ಹೇಳಿದ್ರೆ ನಂಬ್ತಾರೆ.’

 ‘ಕರ್ಕೊಂಡ್ ಬನ್ನಿ’ ಎಂದರು ಮೇಷ್ಟ್ರು.

ಬಾಗಿಲ ಹಿಂದೆ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಮೆಟ್ಟಿಲವರೆಗೆ ಬಂದು ನನ್ನ ಕೈ ಹಿಡಿದು, ‘ಹೇಳ್ತಾರೆ ಅಂತೀಯಾ? ನನ್ ಹತ್ರ ಒಂದ್ ದಿನಾನೂ ಹೇಳಿದೋರಲ್ಲ’ ಎಂದಳು. ಸಾವಿನ ಮುಂದೆ ಮನುಷ್ಯ ಬದಲಾಗುತ್ತಾನೆ ಎಂದು ನಾನೇ ಆಕೆಗೆ ಧೈರ್ಯ ಹೇಳಿ ಬಂದೆ.

ಮರುದಿನ ಪಾಳಿ ಮುಗಿದ ಮೇಲೆ ಇವರನ್ನು ಕರೆದುಕೊಂಡು ಹೋದೆ. ನಮ್ಮೆಜಮಾನರು ಕೈಕಾಲು ತೊಳೆದು, ಬೇರೆ ಅಂಗಿ ಹಾಕಿಕೊಂಡು, ದೇವರ ಮುಂದೆ ನಿಲ್ಲುವ ಹಾಗೆ ಮಂಚದ ಮುಂದೆ ನಿಂತರು. ಮೇಷ್ಟ್ರು ಅವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಉಸಿರು ಎಳೆದುಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದರು.

‘ಬೇಜಾರ್ ಮಾಡ್ಕೋಬೇಡ ಕಣಪ್ಪಾ. ತಾಳ್ಮೆ ಎಲ್ರಿಗೂ ಇರಲ್ಲ. ಅದು ನಿನ್ ತಪ್ಪಲ್ಲ. ಹುಟ್ಟುಗುಣ. ನಾನು ನಿನ್ನ ಕ್ಷಮಿಸಿದೀನಿ.’

ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು.  ಹೋಗುವ ಜೀವದ ಜೊತೆ ಜಗಳ ಆಡುವುದಕ್ಕೆ ನಾನು ಕಲಿತಿಲ್ಲ, ಅದೊಂದನ್ನು ನಮ್ಮತ್ತೆ ಕಲಿಸಿಯೇ ಇಲ್ಲ. ಎರಡು ದಿನಕ್ಕೆ ಮೇಷ್ಟ್ರು ಹೋದರು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಮ್ಮೆಜಮಾನರೂ ಒಬ್ಬರು.

ಅಂದು ಮೇಷ್ಟ್ರನ್ನು ನೋಡಿಕೊಂಡು ವಾಪಸು ಬರುವಾಗ ನಮ್ಮೆಜಮಾನರು ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಗೋಡೌನಿನ ಮುಂದೆ ಪಾರ್ಸೆಲ್ ಗಾಡಿಗಳು ನಿಂತಿದ್ದವು, ದಾಟುವುದಕ್ಕೆ ಇಬ್ಬರೂ ನಿಲ್ಲಬೇಕಾಯಿತು. ಅವರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು.

‘ನೋಡ್ದ್ಯಾ? ಸಾಯೋ ಹೊತ್ತಲ್ಲೂ ನನ್ನ ಬಗ್ಗೆನೇ ಯೋಚ್ನೆ ಅವ್ರಿಗೆ.’

ಅಮ್ಮನನ್ನು ನಾನು ದೊಡ್ಡದು ಯಾವುದನ್ನೂ ಕೇಳಿದವಳಲ್ಲ. ಅಂದಿನಿಂದ ಸಂಜೆ ದೀಪ ಹಚ್ಚುವಾಗ ಒಂದೇ ಒಂದನ್ನು ಕೇಳುತ್ತಿದ್ದೇನೆ. ಈ ಮನುಷ್ಯನಿಗೆ ಒಂದು ಸಲವಾದರೂ ಸಿಟ್ಟು ಬರಿಸು, ತಾಯಿ.